ಪೈಪಲ್ಲಿ ಉಳಿದ ಬೈಟು ಕಾಫಿಯಷ್ಟು ನೈಟ್ರಸ್

ಹೋದ ವಾರ ಅಕ್ಕನ ಮಗ ತುಮಕೂರಿಂದ ಒಂದು ವಾಯ್ಸ್ ನೋಟ್ ಕಳಿಸಿದ್ದ. "ಮಾಮ, ನಿನ್ ಕಾರಿನ ಗ್ಲಾಸ್ ಮುಂದೆ ಬುಸ್ ಅಂತ ಬಿಳೀ ಹೊಗೆ ಬರತ್ತಲ್ಲ, ಅದು ಯಾಕೆ, ಬರೀ ಶೋಗಾ?" ನಾನು ಸ್ಟೇಟಸ್‌ಗೆ ಹಾಕಿದ್ದ ಹತ್ತು ಸೆಕೆಂಡ್ ವಿಡಿಯೋ ನೋಡಿ ಕೇಳಿದ್ದು. ಉತ್ತರ ಟೈಪ್ ಮಾಡೋಕೆ ಕೂತೆ, ಟೈಪ್ ಮಾಡ್ತಾ ಮಾಡ್ತಾ ಉದ್ದ ಆಯ್ತು, ಕೊನೆಗೆ ಇಲ್ಲೇ ಬರೆದು ಅವನಿಗೆ ಲಿಂಕ್ ಕಳಿಸೋಣ ಅಂತ ಬಂದೆ.

ಮೊದಲನೇದು, ಅದು ಹೊಗೆ ಅಲ್ಲ ಕಣೋ. ಆಚೆ ಬರೋದು ನೈಟ್ರಸ್ ಆಕ್ಸೈಡ್, ಇಂಜಿನ್‌ಗೆ ಜಾಸ್ತಿ ಎಳೆತ ಬರ್ಲಿ ಅಂತ ಬಿಡೋ ಗ್ಯಾಸು, ಅದಕ್ಕೆ ಬಣ್ಣಾನೇ ಇಲ್ಲ. ಪೈಪಿಂದ ಆಚೆ ಬಂದ ತಕ್ಷಣ ಅದು ಮೈನಸ್ 88 ಡಿಗ್ರಿ ಹತ್ರ ತಣ್ಣಗಾಗತ್ತೆ, ಸುತ್ತಲಿನ ಗಾಳಿಲಿರೋ ತೇವ ಮಂಜಾಗತ್ತೆ, ನೀನು ನೋಡಿದ್ದು ಆ ಮಂಜು. ಎರಡನೇದು, ಶೋಗೂ ಹೌದು, ಇಲ್ಲಿ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂಲಿ ಪ್ರತಿ ಆಗಸ್ಟ್ ಡ್ರೀಮ್ ಕ್ರೂಸ್ ಅಂತ ಹಳೇ ಕಾರುಗಳ ಜಾತ್ರೆ ನಡೆಯತ್ತೆ, 1995ರಿಂದ ನಡ್ಕೊಂಡು ಬಂದಿದೆ, ಅಲ್ಲಿ ಸಿಗ್ನಲ್‌ನಲ್ಲಿ ನಿಂತವರು ಬುಸ್ ಅನ್ನಿಸಿದ್ರೆ ಫುಟ್‌ಪಾತಲ್ಲಿ ಕುರ್ಚಿ ಹಾಕ್ಕೊಂಡು ಕೂತಿರೋ ಜನ ಕೇಕೆ ಹಾಕ್ತಾರೆ. ಆದ್ರೆ ಆ ಬಟನ್ ಇರೋದು ಅದಕ್ಕಲ್ಲ. ಅದರ ಹೆಸರು ಪರ್ಜ್. ರೇಸಿಗೆ ಮುಂಚೆ ಅದಕ್ಕೊಂದು ಕೆಲಸ ಇದೆ, ಎಲ್ರಿಗೂ ಗೊತ್ತು. ರೇಸ್ ಮುಗಿದ ಮೇಲೆ ಇನ್ನೊಂದು ಕೆಲಸ ಇದೆ, ಅದನ್ನ ನಾನು ಎರಡು ಬೆರಳು ಸುಟ್ಕೊಂಡು ಕಲಿತೆ. ಸುಟ್ಕೊಂಡು ಅಂದ್ರೆ ಬೆಂಕಿಲಲ್ಲ, ಚಳಿಲಿ.

ನನ್ನ ಕಾರು 2006ರ ಮಸ್ಟಾಂಗ್ ಜಿಟಿ, 4.6 ಲೀಟರ್ ವಿ8, ಕಂಪನಿಯಿಂದ ಬರುವಾಗ 300 ಕುದುರೆ. ಸೆಕೆಂಡ್ ಹ್ಯಾಂಡ್ ತಗೊಂಡು, ಮೇಲೆ 100 ಶಾಟ್ ವೆಟ್ ಕಿಟ್ ಹಾಕ್ಸಿದೀನಿ, ಅಂದ್ರೆ ಬಟನ್ ಒತ್ತಿದಾಗ ಇನ್ನೊಂದು 100 ಕುದುರೆ. ಡಿಕ್ಕಿಲಿ 10 ಪೌಂಡ್ ಬಾಟಲ್, ಅಂದ್ರೆ ನಾಲ್ಕೂವರೆ ಕೆಜಿ ನೈಟ್ರಸ್ ಹಿಡಿಯೋ ಸಿಲಿಂಡರ್. ಅಲ್ಲಿಂದ ಸ್ಟೀಲ್ ಜಡೆ ಹೆಣೆದ ಪೈಪು ಕಾರಿನ ಹೊಟ್ಟೆ ಕೆಳಗೆ ಹಾದು ಇಂಜಿನ್ ಹತ್ರ ಬಂದು ಸೊಲೆನಾಯ್ಡ್‌ಗೆ ಸೇರತ್ತೆ, ಸೊಲೆನಾಯ್ಡ್ ಅಂದ್ರೆ ಕರೆಂಟ್ ಕೊಟ್ರೆ ತೆರೆಯೋ ವಾಲ್ವ್, ಅಷ್ಟೇ. ವೆಟ್ ಕಿಟ್ ಅಂದ್ರೆ ನೈಟ್ರಸ್ ಜೊತೆ ಪೆಟ್ರೋಲಿಗೂ ಒಂದು ಸೊಲೆನಾಯ್ಡ್ ಇರತ್ತೆ, ಎರಡೂ ಒಟ್ಟಿಗೆ ತೆರೆದು ಇಂಟೇಕ್‌ಗೆ, ಅಂದ್ರೆ ಇಂಜಿನ್ ಗಾಳಿ ಎಳ್ಕೊಳೋ ದಾರಿಗೆ, ನುಗ್ಗತ್ವೆ. ನೈಟ್ರಸ್ ತಾನೇ ಉರಿಯಲ್ಲ, ಅದು ಆಮ್ಲಜನಕ ಹೊತ್ಕೊಂಡು ಬರೋ ಕೂಲಿ. ಗಾಳಿಲಿ ತೂಕದ ಲೆಕ್ಕದಲ್ಲಿ ಆಮ್ಲಜನಕ ಸುಮಾರು 23 ಪರ್ಸೆಂಟ್ ಇದ್ರೆ ಇದರಲ್ಲಿ 36. ಜಾಸ್ತಿ ಆಮ್ಲಜನಕ, ಜಾಸ್ತಿ ಪೆಟ್ರೋಲು, ಜಾಸ್ತಿ ಎಳೆತ.

ರೇಸಿಗೆ ಮುಂಚೆ ಪರ್ಜ್ ಯಾಕೆ ಅಂದ್ರೆ, ಬಾಟಲ್ ತೆರೆದಾಗ ಆ ಉದ್ದ ಪೈಪಲ್ಲಿ ಮೊದಲು ತುಂಬೋದು ಗಾಳಿ ಮತ್ತೆ ಗ್ಯಾಸು, ದ್ರವ ಅಲ್ಲ. ಹಾಗೇ ಬಿಟ್ರೆ ಬಟನ್ ಒತ್ತಿದಾಗ ಪೆಟ್ರೋಲ್ ತಕ್ಷಣ ಬಂದು ನೈಟ್ರಸ್ ಅರೆಕ್ಷಣ ತಡ ಆಗತ್ತೆ, ಕಾರು ಕೆಮ್ಮತ್ತೆ. ಅದಕ್ಕೆ ಸೊಲೆನಾಯ್ಡ್ ಪಕ್ಕದಲ್ಲೇ ಇನ್ನೊಂದು ಸಣ್ಣ ವಾಲ್ವ್ ಇಟ್ಟು, ಆ ಗ್ಯಾಸನ್ನ ಗ್ಲಾಸ್ ಮುಂದೆ ಆಚೆ ಬಿಟ್ಟು, ಸೊಲೆನಾಯ್ಡ್ ಬಾಗಿಲ ತನಕ ದ್ರವ ಬಂದು ನಿಲ್ಲೋ ಹಾಗೆ ಮಾಡೋದು. ಇದಿಷ್ಟು ನಿನ್ನ ಪ್ರಶ್ನೆಗೆ ಉತ್ತರ.

ಈಗ ನಾನು ಹೇಳ್ಬೇಕು ಅಂದ್ಕೊಂಡಿದ್ದಕ್ಕೆ ಬರ್ತೀನಿ.

ನಮ್ಮಮ್ಮ ರಾತ್ರಿ ಅಡುಗೆಮನೆ ಮುಗಿಸೋ ರೀತಿ ನಿನಗೆ ಗೊತ್ತಲ್ಲ, ನಿಮ್ಮಜ್ಜಿ. ಹಾಲು ಕಾಯಿಸಿದ ಮೇಲೆ ಒಲೆ ನಾಬ್ ಮುಟ್ಟಲ್ಲ, ಬಗ್ಗಿ ಕೆಳಗೆ ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡ್ತಾರೆ. ಒಲೆ ಇನ್ನೂ ಉರೀತಿರತ್ತೆ. ಟ್ಯೂಬಲ್ಲಿ ಉಳಿದ ಗ್ಯಾಸ್ ಉರಿದು ಉರಿದು, ನೀಲಿ ಜ್ವಾಲೆ ಸಣ್ಣಗಾಗಿ, ಪುಕ್ ಅಂತ ಆರತ್ತೆ. ಆಮೇಲೆ ನಾಬ್ ತಿರುಗಿಸ್ತಾರೆ. ನಾನು ಸ್ಕೂಲಲ್ಲಿದ್ದಾಗ ಎಷ್ಟೋ ಸಲ ಕೇಳಿದೀನಿ, ನೇರ ನಾಬ್ ಆಫ್ ಮಾಡಿದ್ರೆ ಏನಾಗತ್ತೆ ಅಂತ, "ಟ್ಯೂಬಲ್ಲಿ ಗ್ಯಾಸ್ ಇಟ್ಕೊಂಡು ಯಾಕೆ ಮಲಗ್ಬೇಕು" ಅನ್ನೋರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಇಲ್ಲಿ ಕಾರಿನ ಪಾರ್ಟ್ಸ್ ಕಂಪನಿಲಿ ಕೆಲಸ ಮಾಡ್ತಾ, ಆ ಮಾತು ನನ್ನ ತಲೆಗೆ ಹೋಗಿರ್ಲಿಲ್ಲ ನೋಡು.

ಕಿಟ್ ಹಾಕ್ಸಿದ ಮೊದಲನೇ ವರ್ಷ, ಅಕ್ಟೋಬರ್ ತಿಂಗಳು, ಸೀಸನ್‌ದು ಕೊನೇ ರಾತ್ರಿ. ಡ್ರ್ಯಾಗ್ ಸ್ಟ್ರಿಪ್ಪಲ್ಲಿ, ಅಂದ್ರೆ ನೇರ ರೇಸಿನ ಟ್ರ್ಯಾಕಲ್ಲಿ, ಮೂರು ರನ್ ಹೊಡೆದೆ, ಖುಷಿಲಿ ಬಾಟಲ್ ವಾಲ್ವ್ ಕೈಯಲ್ಲಿ ಗಟ್ಟಿ ಮುಚ್ಚಿ, ಸ್ವಿಚ್ ಆಫ್ ಮಾಡಿ, ನಲವತ್ತು ನಿಮಿಷ ಓಡಿಸ್ಕೊಂಡು ಮನೆಗೆ ಬಂದೆ. ಪರ್ಜ್ ಮಾಡ್ಲಿಲ್ಲ. ಯಾಕೆ ಅಂದ್ರೆ ಜಿಪುಣತನ, ಇನ್ನೇನಿಲ್ಲ. ದುಡ್ಡು ಕೊಟ್ಟು ತುಂಬ್ಸಿರೋದನ್ನ ಸುಮ್ನೆ ಗಾಳಿಗೆ ಯಾಕೆ ಬಿಡೋದು ಅಂತ. ಮಾರನೇ ದಿನ ಬಾಟಲ್ ತುಂಬ್ಸೋಕೆ ಕೊಡ್ಬೇಕಿತ್ತು, ಈಗ್ಲೇ ಬಿಚ್ಚಿಟ್ಬಿಡೋಣ ಅಂತ ಗ್ಯಾರೇಜಲ್ಲಿ ನಿಂತೆ. ಹೊರಗೆ ಚಳಿ, ಅದಕ್ಕೆ ಗ್ಯಾರೇಜ್ ಬಾಗಿಲು ಕೆಳಗೆ ಇಳಿಸಿದ್ದೆ. ಗ್ಲೌಸ್ ಇಲ್ಲ, ಕನ್ನಡಕ ಇಲ್ಲ. ಡಿಕ್ಕಿ ಒಳಗೆ ಬಗ್ಗಿ, ಎಡಗೈಲಿ ಪೈಪ್ ಹಿಡ್ಕೊಂಡು ಬಲಗೈಲಿ ಸ್ಪ್ಯಾನರ್ ಹಾಕಿ ನಟ್ ತಿರುಗಿಸಿದೆ. ಅರ್ಧ ಸುತ್ತಿಗೆ ಏನೂ ಆಗ್ಲಿಲ್ಲ. ಇನ್ನೊಂಚೂರು ತಿರುಗಿಸಿದೆ.

ಗೋಲಿ ಸೋಡಾ ಒಡೆದಾಗ ಟಪ್ ಅಂತ ಒಂದು ಸದ್ದು ಬರತ್ತಲ್ಲ, ಅದನ್ನ ನೂರು ಪಟ್ಟು ಮಾಡು. ಡಿಕ್ಕಿ ತುಂಬ ಬಿಳಿ, ಏನೂ ಕಾಣಿಸ್ತಿಲ್ಲ, ಕಿವಿ ಗುಂಯ್ ಅಂತಿದೆ, ಬೆಂಕಿಕಡ್ಡಿ ಗೀರಿದ ಹಾಗೆ ಘಾಟು ಮೂಗಿಗೆ ಹೊಡೀತು. ಕೈ ಹಿಂದಕ್ಕೆ ಎಳ್ಕೊಂಡೆ, ಅಷ್ಟ್ರಲ್ಲಿ ಎಡಗೈ ತೋರುಬೆರಳು ಮತ್ತೆ ನಡುಬೆರಳಿನ ಮೇಲೆ ನೇರ ಬಿದ್ದಿತ್ತು. ನೋವಿಲ್ಲ! ಅದೇ ಮೋಸ. ಬೆರಳ ತುದಿ ಮೇಣದ ಥರ ಬೆಳ್ಳಗೆ, ಗಟ್ಟಿ, ಮುಟ್ಟಿದ್ರೆ ಬೇರೆ ಯಾರದೋ ಬೆರಳು ಮುಟ್ಟಿದ ಹಾಗೆ. ನಮ್ಮನೆಯವಳು ಸದ್ದಿಗೆ ಓಡಿ ಬಂದು, ಬಾಗಿಲ ಬಟನ್ ಒತ್ತಿ, ನನ್ನ ಕಾಲರ್ ಹಿಡಿದು ಡ್ರೈವ್‌ವೇಗೆ ಎಳೆದಳು. ಅವಳೇ ಬೋಗುಣಿಲಿ ಉಗುರುಬೆಚ್ಚಗಿನ ನೀರು ತಂದು ಬೆರಳು ಅದ್ದಿಸಿದ್ದು, ನಾನು ಉಜ್ಜೋಕೆ ಹೋದ್ರೆ ಕೈ ಮೇಲೊಂದು ಏಟು ಕೊಟ್ಟಳು, ಉಜ್ಜಬಾರದಂತೆ, ಅದು ಸರಿ ಅಂತ ಆಮೇಲೆ ಡಾಕ್ಟರೂ ಹೇಳಿದ್ರು. ನೋವು ಶುರುವಾಗಿದ್ದು ನೀರಲ್ಲಿ ಅದ್ದಿದ ಮೇಲೆ, ಅಪ್ಪಾ, ಅದನ್ನ ಬರೆಯೋದು ಬೇಡ. ಡಾಕ್ಟರು ಬೊಬ್ಬೆ ನೋಡಿ "ಡ್ರೈ ಐಸ್ ಮುಟ್ಟಿದ್ರಾ" ಅಂತ ಕೇಳಿದ್ರು, ಇಲ್ಲ ಕಾರ್ ರಿಪೇರಿ ಅಂದೆ, ಕಾರಲ್ಲಿ ಅಷ್ಟು ತಣ್ಣಗಿರೋದು ಏನಿದೆ ಅಂತ ನನ್ನ ಮುಖಾನೇ ನೋಡ್ತಾ ಕೂತ್ರು.

ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಪೈಪು ಹದಿನೈದು ಅಡಿ ಹತ್ರ, ಒಳಗಿನ ತೂತು ಐದೂವರೆ ಮಿಲಿಮೀಟರ್. ಅದರಲ್ಲಿ ಹಿಡಿಯೋ ದ್ರವ ಹೆಚ್ಚೂಕಮ್ಮಿ 100 ಎಂಎಲ್, ಅಂದ್ರೆ ದರ್ಶಿನಿಲಿ ಕೊಡೋ ಬೈಟು ಕಾಫಿ ಅಷ್ಟು. ತೂಕ 80 ಗ್ರಾಂ ಅಂತಿಟ್ಕೋ. ಅದು ಗ್ಯಾಸಾಗಿ ಆಚೆ ಬಂದ್ರೆ 40 ಲೀಟರ್ ದಾಟತ್ತೆ, ಮನೆಗೆ ಹಾಕಿಸ್ಕೋತೀವಲ್ಲ ನೀರಿನ ಕ್ಯಾನು, ಅಂಥವು ಎರಡು. ಅಷ್ಟೂ ಒಂದು ಸಣ್ಣ ಸಂದಿಂದ ಒಂದೇ ಉಸಿರಿಗೆ ಬರ್ಬೇಕು. ಒತ್ತಡ ಎಷ್ಟು ಅಂದ್ರೆ, ಕಾರ್ ಟೈರಿಗೆ 32 ಪಿಎಸ್‌ಐ ಹಾಕಿಸ್ತೀಯಲ್ಲ, ಇಲ್ಲಿ ರನ್ ಹೊಡೆಯೋಕೆ ಬಾಟಲನ್ನ 900ರಿಂದ 1000 ಪಿಎಸ್‌ಐಲಿ ಇಟ್ಕೋತೀವಿ. ಮೂವತ್ತು ಪಟ್ಟು. ಮತ್ತೆ ನಾನು ಉಳಿಸ್ತೀನಿ ಅಂದ್ಕೊಂಡ 80 ಗ್ರಾಂ ಬಾಟಲಿನ ಎರಡು ಪರ್ಸೆಂಟೂ ಇಲ್ಲ. ಆ ಉಳಿತಾಯಕ್ಕೆ ಆಸ್ಪತ್ರೆ ಬಿಲ್ಲು ಕಟ್ಟಿದ್ದು ನೆನೆಸ್ಕೊಂಡ್ರೆ ಈಗ್ಲೂ ನಗು ಬರತ್ತೆ, ಬಿಲ್ಲು ಎಷ್ಟು ಅಂತ ಅಕ್ಕಂಗೆ ಹೇಳ್ಬೇಡ.

ಇನ್ನೊಂದು ವಿಷಯ ನನಗೆ ಆವಾಗ ಹೊಳೆದಿರ್ಲಿಲ್ಲ. ನೈಟ್ರಸ್‌ನ ಒತ್ತಡ ಪೂರ್ತಿ ಬಿಸಿ ಮೇಲೆ ಹೋಗತ್ತೆ. ಸೊನ್ನೆ ಡಿಗ್ರಿಲಿ 450 ಪಿಎಸ್‌ಐ ಆಸುಪಾಸು, 20ರಲ್ಲಿ 730, 30ಕ್ಕೆ ಬಂದ್ರೆ 900 ದಾಟತ್ತೆ, ಅದಕ್ಕೇ ಇಲ್ಲಿ ಚಳಿಲಿ ಬಾಟಲ್‌ಗೆ ಕಂಬಳಿ ಥರ ಹೀಟರ್ ಸುತ್ತಿರ್ತೀವಿ. 36.4 ಡಿಗ್ರಿ ದಾಟಿದ್ರೆ ದ್ರವ ಗ್ಯಾಸು ಅನ್ನೋ ಭೇದಾನೇ ಹೋಗ್ಬಿಡತ್ತೆ. ಈಗ ಯೋಚನೆ ಮಾಡು, ಈ ಕಡೆ ಬಾಟಲ್ ಮುಚ್ಚಿದೆ, ಆ ಕಡೆ ಸೊಲೆನಾಯ್ಡ್ ಮುಚ್ಚಿದೆ, ನಡುವೆ ಪೈಪ್ ತುಂಬ ದ್ರವ, ಅದರ ಒಂದು ತುದಿ ಬಿಸಿ ಇಂಜಿನ್ ಪಕ್ಕ. ದ್ರವ ಹಿಗ್ಗೋಕೆ ಜಾಗ ಇಲ್ಲ. ಬಾಟಲಿಗೆ ಏನಾದ್ರೂ ಆದ್ರೆ ಅದರ ವಾಲ್ವಲ್ಲೇ ಒಂದು ಸಣ್ಣ ಡಿಸ್ಕ್ ಇರತ್ತೆ, 3000 ಪಿಎಸ್‌ಐ ಹತ್ರ ಅದೇ ಒಡೆದು ಗ್ಯಾಸ್ ಆಚೆ ಬಿಡತ್ತೆ, ಬಾಟಲ್ ಸಿಡೀಬಾರದು ಅಂತ. ಆದ್ರೆ ಆ ಡಿಸ್ಕ್ ಇರೋದು ಬಾಟಲ್ ಕಡೆಗೆ. ವಾಲ್ವ್ ಮುಚ್ಚಿದ ಮೇಲೆ ಪೈಪಿಗೆ ಕಾವಲು ಯಾರೂ ಇಲ್ಲ. ಸೀಲ್ ಕಿತ್ತೋಗ್ಬಹುದು, ಸೊಲೆನಾಯ್ಡ್ ಸೋರೋಕೆ ಶುರುವಾಗ್ಬಹುದು, ಸೋರಿದ್ರೆ ಎಲ್ಲಿಗೆ, ನೇರ ಇಂಟೇಕ್ ಒಳಕ್ಕೆ.

ಹಾಗಾದ್ರೆ ಅಜ್ಜಿ ಥರ ಉರಿಸಿ ಖಾಲಿ ಮಾಡ್ಬಿಡೋದಲ್ವಾ, ಬಾಟಲ್ ಮುಚ್ಚಿ, ಇಂಜಿನ್ ಓಡ್ತಿರುವಾಗ ಬಟನ್ ಒತ್ತಿ? ಬೇಡ. ಇಂಜಿನ್ ಒಲೆ ಅಲ್ಲ. ಪೈಪಲ್ಲಿ ಒತ್ತಡ ಇಳೀತಾ ಇಳೀತಾ ನೈಟ್ರಸ್ ಕಮ್ಮಿ ಆಗತ್ತೆ, ಆದ್ರೆ ಪೆಟ್ರೋಲ್ ಸೊಲೆನಾಯ್ಡ್ ಮೊದಲಿನಷ್ಟೇ ಸುರೀತಿರತ್ತೆ, ಹದ ಕೆಟ್ಟು ಇಂಟೇಕಲ್ಲೇ ಹೊತ್ಕೊಂಡು ಸಿಡೀಬಹುದು, ಅದಕ್ಕೆ ಬ್ಯಾಕ್‌ಫೈರ್ ಅಂತಾರೆ. ಅದೂ ಐಡಲ್‌ನಲ್ಲಿ ಒತ್ತಿದ್ರೆ ಇನ್ನೂ ಕೆಟ್ಟದ್ದು, ಒಳಗೆ ಹೋಗಿದ್ದನ್ನ ಎಳ್ಕೊಳೋಷ್ಟು ಗಾಳಿ ಹರಿವೇ ಇರಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಇಂಜಿನ್ ಆಫ್ ಇದ್ದಾಗ ಸೊಲೆನಾಯ್ಡ್ ತೆರೆದು ಖಾಲಿ ಮಾಡೋದು. ಇದನ್ನ ಕಣ್ಣಾರೆ ನೋಡಿದೀನಿ. ಪಿಟ್ಟಲ್ಲಿ, ಅಂದ್ರೆ ಟ್ರ್ಯಾಕ್ ಪಕ್ಕ ಕಾರ್ ನಿಲ್ಲಿಸೋ ಜಾಗದಲ್ಲಿ, ನನ್ನಿಂದ ಎರಡು ಕಾರ್ ಆಚೆ ಒಬ್ಬ ಹುಡುಗ, ಇಂಜಿನ್ ಆಫ್, ಬಾಟಲ್ ಮುಚ್ಚಿ ಸ್ವಿಚ್ ಒತ್ತಿ ಒತ್ತಿ ಲೈನ್ ಖಾಲಿ ಮಾಡ್ತಿದ್ದ, ಟಕ್ ಟಕ್ ಸದ್ದು ನಮಗೂ ಕೇಳಿಸ್ತಿತ್ತು, ನಾವ್ಯಾರೂ ತಲೆ ಕೆಡಿಸ್ಕೊಳ್ಲಿಲ್ಲ. ಆಮೇಲೆ ಕಾರ್ ಪಕ್ಕಕ್ಕೆ ಹಾಕೋಕೆ ಅಂತ ಕೀ ತಿರುಗಿಸಿದ. ಇಂಟೇಕ್ ಮ್ಯಾನಿಫೋಲ್ಡ್, ಅಂದ್ರೆ ಸಿಲಿಂಡರುಗಳಿಗೆ ಗಾಳಿ ಹಂಚೋ ಕೊಳವೆ, ಅದರೊಳಗೆ ನೈಟ್ರಸ್ ಮತ್ತೆ ಪೆಟ್ರೋಲು ಎರಡೂ ಕೂತು ಕಾಯ್ತಿದ್ವು. ದೀಪಾವಳಿ ಲಕ್ಷ್ಮಿ ಪಟಾಕಿ ಡಬ್ಬದೊಳಗೆ ಹಾಕಿ ಹೊಡೆದ ಹಾಗೆ ಡಂ ಅಂತು, ಬಾನೆಟ್ ಲಾಚ್ ಕಿತ್ತು ಮೇಲೆದ್ದು ಗ್ಲಾಸಿಗೆ ಬಡೀತು, ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಚೂರುಗಳು ನನ್ನ ಕಾರಿನ ಟೈರ್ ಹತ್ರ ಬಂದು ಬಿದ್ವು. ಪುಣ್ಯಕ್ಕೆ ಬಾನೆಟ್ ಮುಚ್ಚಿತ್ತು, ಯಾರೂ ಅದರ ಮೇಲೆ ಬಗ್ಗಿರ್ಲಿಲ್ಲ. ಗೊತ್ತಿಲ್ಲದೇ ಹಂಗೆ ಒಳಗೆ ಹೋಗಿಬಿಟ್ರೆ ಸ್ಟಾರ್ಟ್ ಮಾಡೋ ಹಾಗೇ ಇಲ್ಲ. ಮೊದಲು ಇಗ್ನಿಶನ್ ಕಿತ್ತು ಸ್ಪಾರ್ಕ್ ಬರದ ಹಾಗೆ, ಪೆಟ್ರೋಲೂ ಬರದ ಹಾಗೆ ಮಾಡಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ಬರೀ ಸ್ಟಾರ್ಟರಲ್ಲಿ ಇಂಜಿನ್ನನ್ನ ಹಲವು ಸುತ್ತು ತಿರುಗಿಸಿ ಒಳಗಿರೋದನ್ನ ಹೊರಗೆ ಹಾಕ್ಬೇಕು.

ಸರಿ, ನಾನೀಗ ಏನ್ ಮಾಡ್ತೀನಿ ಅಂದ್ರೆ, ಕೊನೇ ರನ್ ಮುಗಿಸಿ ಪಿಟ್ಟಿಗೆ ಬಂದು ಬಯಲಲ್ಲೇ ನಿಲ್ಲಿಸ್ತೀನಿ, ಗ್ಯಾರೇಜಿಗೆ ಹೋಗೋ ತನಕ ಕಾಯಲ್ಲ. ಇಂಜಿನ್ ಆಫ್, ಬಾಟಲ್ ಹೀಟರ್ ಆಫ್, ನೈಟ್ರಸ್ ಸ್ವಿಚ್ ಆಫ್. ಡಿಕ್ಕಿ ತೆಗೆದು ವಾಲ್ವ್ ಕೈಯಲ್ಲೇ ಮುಚ್ತೀನಿ. ಪರ್ಜಿಗೆ ಕರೆಂಟ್ ಬೇಕಲ್ಲ, ಕೀ ಮಾತ್ರ ಆನ್. ಇಲ್ಲೊಂದು ಕಿತಾಪತಿ ಇದೆ, ಕೆಲವರ ವೈರಿಂಗಲ್ಲಿ ಮೇನ್ ಸ್ವಿಚ್ ಆನ್ ಇದ್ರೇನೇ ಪರ್ಜ್ ಕೆಲಸ ಮಾಡೋದು, ಅಂಥ ಕಾರಲ್ಲಿ ಆಕ್ಸಿಲರೇಟರ್ ಕೊನೇ ತನಕ ತುಳಿದ್ರೆ ನೈಟ್ರಸ್ ಸೊಲೆನಾಯ್ಡೂ ತೆರೆದ್ಕೊಂಡ್ಬಿಡತ್ತೆ, ಆ ಹುಡುಗನ ಕಥೆನೇ ಆಗತ್ತೆ. ನಾನು ಪರ್ಜ್ ವೈರು ಬೇರೆ ಮಾಡ್ಸಿದೀನಿ, ಜೊತೆಗೆ ಇಂಜಿನ್ ಇಷ್ಟು ಆರ್‌ಪಿಎಂ ತಿರುಗ್ತಿದ್ರೆ ಮಾತ್ರ ನೈಟ್ರಸ್‌ಗೆ ಕರೆಂಟ್ ಬಿಡೋ ವಿಂಡೋ ಸ್ವಿಚ್ಚೂ ಇದೆ, ಆದ್ರೂ ಕಾಲನ್ನ ಕಾರಿನ ಹೊರಗೆ ಇಟ್ಕೊಂಡು ಕೈ ಮಾತ್ರ ಒಳಗೆ ಚಾಚ್ತೀನಿ. ಭಯ ಅಂದ್ಕೋ ಬೇಕಾದ್ರೆ.

ಆಮೇಲೆ ಪರ್ಜ್ ಬಟನ್, ಒಂದೆರಡು ಸೆಕೆಂಡ್ ಒತ್ತಿ ಬಿಡೋದು. ಒತ್ತಿ ಹಿಡ್ಕೊಂಡೇ ಇದ್ರೆ ಅದರ ಕಾಯಿಲ್ ಬಿಸಿಯಾಗತ್ತೆ. ಮೊದಲನೇ ಸಲ ಜೋರು ಸದ್ದು, ಆಳೆತ್ತರ ಮಂಜು. ಎರಡನೇದಕ್ಕೆ ಮೊಣಕಾಲುದ್ದ. ಮೂರನೇದಕ್ಕೆ ಉಸ್ ಅನ್ನತ್ತೆ ಅಷ್ಟೇ, ಮುಗೀತು ಅನ್ಸತ್ತೆ. ಮುಗಿದಿರಲ್ಲ! ಒತ್ತಡ ಇಳಿದಾಗ ಉಳಿದ ದ್ರವ ಕುದ್ದು ಪೈಪನ್ನೇ ತಣ್ಣಗೆ ಮಾಡ್ಕೊಂಡಿರತ್ತೆ, ಪೈಪಿನ ಮೇಲೆ ಬಿಳೀ ಹಿಮ ಕೂತಿರೋದು ಕಾಣತ್ತೆ, ತಣ್ಣಗಾದಷ್ಟೂ ಒತ್ತಡ ಸುಮ್ನಿರತ್ತೆ. ಐದು ನಿಮಿಷ ಬಿಟ್ಟು ಹಿಮ ಕರಗಿದ ಮೇಲೆ ಒತ್ತಿ ನೋಡು, ಮತ್ತೆ ಬುಸ್ ಅನ್ನತ್ತೆ, ಸತ್ತ ಹಾವು ಹೆಡೆ ಎತ್ತಿದ ಹಾಗೆ. ಹೀಗೆ ಮೂರು ನಾಲ್ಕು ಸಲ. ಕೊನೆಗೆ ಬಟನ್ ಒತ್ತಿದ್ರೆ ಬರೀ ಟಕ್, ಗಾಳಿ ಸದ್ದು ಇಲ್ಲ, ವಾಲ್ವ್ ತೆರೆದ ಕಬ್ಬಿಣದ ಸದ್ದು ಮಾತ್ರ. ಆ ಒಣ ಟಕ್ ಎರಡು ಸಲ ಕೇಳಿದ ಮೇಲೆ ನನಗೆ ನೆಮ್ಮದಿ.

ಗೇಜ್ ನೋಡಿದ್ರೆ ಆಗಲ್ವಾ ಅಂತೀಯ. ಗೇಜ್ ಎಲ್ಲಿ ಕೂತಿದೆ ಅನ್ನೋದರ ಮೇಲೆ ಹೋಗತ್ತೆ. ನನ್ನದು ಮೊದಲು ಬಾಟಲ್ ಕಡೆಗಿತ್ತು, ವಾಲ್ವ್ ಮುಚ್ಚಿದ್ರೂ ತೆರೆದ್ರೂ ಬಾಟಲ್ ಒಳಗಿನ ಲೆಕ್ಕಾನೇ ತೋರಿಸ್ತಿತ್ತು, ಪೈಪಲ್ಲಿ ಏನಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಬೆರಳು ಸುಟ್ಕೊಂಡ ಮೇಲೆ ಪೈಪ್ ಕಡೆಗೂ ಒಂದು ಹಾಕಿಸ್ದೆ. ಅದು ಸೊನ್ನೆ ಅಂದ್ರೂ ನಟ್ ಬಿಚ್ಚುವಾಗ ಒಳಗೆ ತುಂಬಿದೆ ಅಂತಾನೇ ಬಿಚ್ಚೋದು, ಚರ್ಮದ ಗ್ಲೌಸು, ಕಣ್ಣಿಗೆ ಗಾಗಲ್ಸು, ಡಿಕ್ಕಿ ಬಾಗಿಲು ಎಲ್ಲ ತೆರೆದು, ಮುಖ ಪಕ್ಕಕ್ಕೆ, ಎರಡು ಸ್ಪ್ಯಾನರು, ಒಂದು ವಾಲ್ವ್ ಕಡೆ ಹಿಡ್ಕೊಳೋಕೆ ಒಂದು ನಟ್ ತಿರುಗಿಸೋಕೆ, ಕಾಲು ಸುತ್ತು ತಿರುಗಿಸಿ ಕಾಯೋದು, ಸದ್ದು ಬಂದ್ರೆ ಅದು ನಿಲ್ಲೋ ತನಕ ಕೈ ತೆಗೆದು ನಿಂತ್ಕೊಳೋದು.

ಪರ್ಜ್ ಇಲ್ಲದ ಕಿಟ್ಟೂ ಇರತ್ತೆ. ನಮ್ಮ ಎದುರು ಮನೆ ತಾತ, ಕಾರ್ ಫ್ಯಾಕ್ಟರಿಲಿ ಕೆಲಸ ಮಾಡಿ ರಿಟೈರ್ ಆದವರು, ತಮ್ಮ ಹಳೇ ಕಾರಲ್ಲಿ ಪೈಪ್ ನಡುವೆ T ಆಕಾರದ ಒಂದು ಜೋಡಣೆ ಹಾಕಿ, ಅದಕ್ಕೊಂದು ಸಣ್ಣ ತಿರುಗಿಸೋ ವಾಲ್ವ್ ಹಾಕಿ, ಬಾಯಿ ಕಾರಿನ ಕೆಳಗೆ ನೆಲದ ಕಡೆಗೆ ಬಿಟ್ಟಿದಾರೆ. ಕೈಯಲ್ಲಿ ನಿಧಾನ ಬಿಡ್ತಾರೆ, ಕರೆಂಟ್ ಬೇಡ ಏನ್ ಬೇಡ. ನನ್ನ ಬಟನ್ನಿಗಿಂತ ಅದೇ ವಾಸಿ ಅನ್ಸತ್ತೆ ನನಗೆ. ಅದೂ ಇಲ್ದಿದ್ರೆ ಬಾಟಲ್ ಕಡೆ ನಟ್ಟನ್ನ ಕೂದಲಷ್ಟು ಸಡಿಲಿಸಿ ಬಿಡೋದು, ಇಂಜಿನ್ ಕಡೆ ಅಲ್ಲ, ಅಲ್ಲಿ ಬಿಸಿ ಸೈಲೆನ್ಸರ್ ಪೈಪು ಪೆಟ್ರೋಲು ಎಲ್ಲ ಒಟ್ಟಿಗಿರತ್ತೆ. ಆದ್ರೆ ಬಯಲಲ್ಲೇ ಮಾಡ್ಬೇಕು, ನೈಟ್ರಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಡಿಕ್ಕಿ ತಳದಲ್ಲಿ, ಗ್ಯಾರೇಜ್ ನೆಲದಲ್ಲಿ ನೀರಿನ ಥರ ನಿಲ್ಲತ್ತೆ, ಉಸಿರಾಡೋ ಗಾಳಿ ಜಾಗ ಅದು ತಗೊಳತ್ತೆ. ಡೆಂಟಿಸ್ಟ್ ಕೊಡೋ ನಗೋ ಗ್ಯಾಸೇ ಅಲ್ವಾ ಅಂತ ಕೇಳ್ಬೇಡ, ಅವರು ಅದರ ಜೊತೆ ಆಮ್ಲಜನಕ ಸೇರಿಸಿ ಕೊಡ್ತಾರೆ. ಕಾರಿಗೆ ಮಾರೋದರಲ್ಲಿ ಯಾರೂ ಮೂಸಬಾರದು ಅಂತ ಒಂಚೂರು ಸಲ್ಫರ್ ಡೈಆಕ್ಸೈಡ್ ಬೆರೆಸಿರ್ತಾರೆ, ಆ ಬೆಂಕಿಕಡ್ಡಿ ಘಾಟು ಅದರದ್ದು. ಮತ್ತೆ ಆ ನಟ್ಟುಗಳಿಗೆ ಗ್ರೀಸು ಎಣ್ಣೆ ಸವರೋ ಬುದ್ಧಿ ಬೇಡ, ಹತ್ರ ಬೀಡಿ ಸಿಗರೇಟಂತೂ ಬೇಡವೇ ಬೇಡ, ತಾನು ಉರಿಯದಿದ್ರೂ ಉರಿಯೋದಕ್ಕೆಲ್ಲ ಇದು ಗಾಳಿ ಹಾಕತ್ತೆ.

ಇಷ್ಟೆಲ್ಲ ಓದಿ ನಿನ್ನ ಸ್ವಿಫ್ಟಿಗೆ ಒಂದು ಹಾಕಿಸ್ಕೊಳೋಣ ಅಂತ ಹೊರಟೀಯ, ಬೇಡ. ಊರಲ್ಲಿ ಆರ್‌ಟಿಓ ರೂಲಲ್ಲಿ ಕಂಪನಿ ಕೊಟ್ಟಿದ್ದನ್ನ ಹಿಂಗೆಲ್ಲ ಬದಲಾಯಿಸೋ ಹಾಗಿಲ್ಲ, ಇಲ್ಲೂ ನಾನು ಓಡಿಸೋದು ಟ್ರ್ಯಾಕಲ್ಲಿ ಮಾತ್ರ, ಮನೆಗೆ ಬರುವಾಗ ಪೈಪ್ ಖಾಲಿ, ಬಾಟಲ್ ಬಾಯಿಗೆ ಕ್ಯಾಪು.

ಇದನ್ನ ಬರೆದು ಮುಗಿಸೋ ಹೊತ್ತಿಗೆ ಅಮ್ಮನ ವಿಡಿಯೋ ಕಾಲ್ ಬಂತು. ಇಲ್ಲಿ ಬೆಳಿಗ್ಗೆ, ಅಲ್ಲಿ ರಾತ್ರಿ, ಹಾಲು ಕಾಯಿಸ್ತಾ ಮಾತಾಡ್ತಿದ್ರು, ಮಾತಿನ ನಡುವೆ ಫೋನ್ ಕಟ್ಟೆ ಮೇಲಿಟ್ಟು ಕೆಳಗೆ ಬಗ್ಗಿದ್ರು. ಒಂದೈದು ಸೆಕೆಂಡ್ ನನಗೆ ಕಂಡಿದ್ದು ಬರೀ ಒಲೆ, ಜ್ವಾಲೆ ಸಣ್ಣಗಾಗ್ತಾ ಬಂದು ಪುಕ್ ಅಂತು. ಬರೆದಿದ್ದನ್ನ ಹುಡುಗನಿಗೆ ಕಳಿಸಿದೆ, ಪೂರ್ತಿ ಓದಿದ್ನೋ ಇಲ್ವೋ, ಎರಡೇ ನಿಮಿಷಕ್ಕೆ ರಿಪ್ಲೈ ಬಂತು: "ಸೂಪರ್ ಮಾಮ. ಆ ಹೊಗೆ ವಿಡಿಯೋ ಇನ್ನೊಂದಿದ್ರೆ ಕಳ್ಸು, ಸ್ಲೋ ಮೋಷನ್‌ದು."